ಹಾಲಿಗೆ ರೂಟ್ ಇದೆ, ಸುದ್ದಿಗೆ ಇಲ್ಲ



ನಾಳೆ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ, ಸರತಿಯಲ್ಲಿ ಕ್ಯಾನ್ ಇಟ್ಟುಕೊಂಡು ನಿಂತಿರುವ ಹೊತ್ತಿನಲ್ಲಿ ಒಂದು ಸಣ್ಣ ಕೆಲಸ ಮಾಡಿ. ಗೋಡೆಯ ಮೇಲೆ ಎಷ್ಟು ಫೋನ್ ನಂಬರ್ ಬರೆದಿದೆ ಎಂದು ಎಣಿಸಿ. ನಾನು ಈಚೆಗೆ ಹೋದ ಒಂದು ಮಹಿಳಾ ಸಂಘದಲ್ಲಿ ಎಣಿಸಿದೆ. 11 ಇದ್ದವು. ಕಾರ್ಯದರ್ಶಿಯದು, ಹಾಲು ಪರೀಕ್ಷಕಿಯದು, ಕೃತಕ ಗರ್ಭಧಾರಣೆ ಕಾರ್ಯಕರ್ತರದು, ಸರ್ಕಾರಿ ಪಶು ಆಸ್ಪತ್ರೆಯದು, ನಮ್ಮ ಶಿಬಿರ ಕಚೇರಿಯದು, ವಿಮೆಯವರದು, ಪಶು ಆಹಾರದ ಲಾರಿಯವರದು, ಹೀಗೆ. ಅಲ್ಲೇ ನಿಂತು ಒಂದೊಂದಕ್ಕೂ ಕರೆ ಮಾಡಿದೆ. ನಾಲ್ಕು ನಂಬರ್ ಸತ್ತಿದ್ದವು. ಒಂದು ಯಾವುದೋ ಬಟ್ಟೆ ಅಂಗಡಿಗೆ ಹೋಯಿತು. ಇನ್ನೊಂದು ಎರಡು ವರ್ಷದ ಹಿಂದೆ ವರ್ಗವಾಗಿ ಹೋದ ವೈದ್ಯರದು. ಅವರು ಪಾಪ, ಬೇರೆ ಜಿಲ್ಲೆಯಲ್ಲಿ ಕೂತು ಇವತ್ತಿಗೂ ಆ ಊರಿನ ಹಸುಗಳ ಕರೆ ಎತ್ತುತ್ತಿದ್ದಾರೆ.

ನಗು ಬರುವ ಸಂಗತಿಯೇ. ಆದರೆ ಇಂಥದೇ ಒಂದು ಹಳೆಯ ನಂಬರಿನ ದೆಸೆಯಿಂದ ಒಂದು ಹಸು ಸತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೂರನೇ ಕರುವಿನ ಎಚ್‌ಎಫ್ ಮಿಶ್ರತಳಿ ಹಸು. ಹಿಂದಿನ ಕರುವಿನಲ್ಲಿ ದಿನಕ್ಕೆ 18 ಲೀಟರ್ ಕೊಟ್ಟಿತ್ತು. ಸಂಜೆ ಸುಖವಾಗಿ ಕರು ಹಾಕಿತು. ಮರುದಿನ ಸಂಜೆ ಮೇವು ಬಿಟ್ಟಿತು, ಹಿಂಗಾಲು ತಡವರಿಸಿತು, ರಾತ್ರಿ 9ರ ಹೊತ್ತಿಗೆ ಕುಸಿದು ಕೂತಿತು. ಕತ್ತು ಪಕ್ಕೆಗೆ ತಿರುಗಿತ್ತು, ಕಿವಿ ತಣ್ಣಗಾಗಿತ್ತು. ಹಾಲುಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಇದರಲ್ಲಿ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಕರು ಹಾಕಿದ ಎರಡು ಮೂರು ದಿನದೊಳಗೆ ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಕುಸಿದು ಹೀಗಾಗುತ್ತದೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಇಳಿಸಿದರೆ ಬಹಳಷ್ಟು ಹಸುಗಳು ನಾವು ಸಾಮಾನು ಕಟ್ಟಿಕೊಳ್ಳುವ ಹೊತ್ತಿಗೆ ತಾವೇ ಎದ್ದು ನಿಲ್ಲುತ್ತವೆ. ನಮ್ಮ ವೃತ್ತಿಯಲ್ಲಿ ಇಷ್ಟು ಬೇಗ ಖುಷಿ ಕೊಡುವ ಚಿಕಿತ್ಸೆ ಮತ್ತೊಂದಿಲ್ಲ. ತಡವಾದರೆ ಹಸು ಅಷ್ಟೇ ಬೇಗ ಕೈಬಿಟ್ಟು ಹೋಗುತ್ತದೆ.

ಆ ಮನೆಯ ಅಕ್ಕ ಏನೂ ತಡ ಮಾಡಲಿಲ್ಲ. ಹಸು ಕೂತ ಕೂಡಲೇ ಇದು ಸರಿಯಿಲ್ಲ ಎಂದು ಅವರಿಗೆ ಗೊತ್ತಾಯಿತು. ಆದರೆ ಮನೆಯ ಫೋನು ಯಜಮಾನರ ಜೇಬಿನಲ್ಲಿತ್ತು, ಯಜಮಾನರು ನೆಂಟರ ಮದುವೆಗೆ ಹೋಗಿದ್ದರು. ಪಕ್ಕದ ಮನೆಯ ಹುಡುಗನ ಕೈಲಿ ಕಾರ್ಯದರ್ಶಿಗೆ ಹೇಳಿ ಕಳಿಸಿದರು. ಕಾರ್ಯದರ್ಶಿ ಗೋಡೆಯ ಮೇಲಿನ ನಂಬರಿಗೆ ಮಾಡಿದರು; ಅದು ವರ್ಗವಾದ ವೈದ್ಯರದು. ಅವರು ಒಳ್ಳೆಯವರು, ಕೂಡಲೇ ವೈದ್ಯರ ವಾಟ್ಸಾಪ್ ಗುಂಪಿಗೆ ಹಾಕಿದರು: ‘ಇಂಥ ಊರಲ್ಲಿ ಹಸು ಬಿದ್ದಿದೆಯಂತೆ, ಯಾರಾದರೂ ನೋಡಿ.’ ಅವತ್ತು ಆ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬ. ಕೇಕು, ಹೂಗುಚ್ಛ, ಕೈಮುಗಿಯುವ ಚಿತ್ರಗಳ ನಡುವೆ ಆ ಒಂದು ಸಾಲು ಹೂತುಹೋಯಿತು. ನಾನು ಆ ಗುಂಪಿನ ಸದ್ದನ್ನು ಬಂದ್ ಮಾಡಿಟ್ಟಿದ್ದೆ. ಬೇರೊಂದು ಊರಿನಲ್ಲಿ ಕಷ್ಟದ ಹೆರಿಗೆ ಮುಗಿಸಿ, ಕೈ ತೊಳೆದು, ರಾತ್ರಿ 2 ಗಂಟೆಗೆ ಫೋನು ತೆಗೆದಾಗ ಕಂಡಿತು. ನಾನಿದ್ದ ಜಾಗದಿಂದ ಆ ಊರಿಗೆ ಬರೀ 9 ಕಿಲೋಮೀಟರ್. ಹೋಗುವ ಹೊತ್ತಿಗೆ ಹಸು ಅಡ್ಡ ಬಿದ್ದು ಹೊಟ್ಟೆ ಉಬ್ಬಿತ್ತು. ಸೂಜಿ ಹಾಕಿದೆ. ಅರ್ಧ ಬಾಟಲಿ ಇಳಿಯುವ ಮುಂಚೆ ಹೋಯಿತು.

ಆ ಅಕ್ಕ ನನ್ನೆದುರು ಅಳಲಿಲ್ಲ. ಕರುವನ್ನು ಎಳೆದು ಆಚೆ ಕಟ್ಟಿ ಬಂದು, ‘ಡಾಕ್ಟ್ರಮ್ಮ, ಒಂದ್ ಲೋಟ ಕಾಫಿ ಕುಡೀತೀರಾ?’ ಅಂದರು. ಆ ಹಸುವಿಗೆಂದು ಸ್ವಸಹಾಯ ಸಂಘದಲ್ಲಿ ತೆಗೆದ ಸಾಲ ಇನ್ನೂ 14 ಕಂತು ಬಾಕಿ ಇತ್ತು.

ಆ ರಾತ್ರಿ ಯಾರೂ ಕೆಲಸ ಕದಿಯಲಿಲ್ಲ, ನೋಡಿ. ಪಕ್ಕದ ಮನೆ ಹುಡುಗ ಓಡಿದ, ಕಾರ್ಯದರ್ಶಿ ಕರೆ ಮಾಡಿದರು, ವರ್ಗವಾದ ವೈದ್ಯರು ಸಂದೇಶ ಹಾಕಿದರು, ನಾನು ಬಂದೆ. ಎಲ್ಲರ ಕೈಯಲ್ಲೂ ಫೋನ್ ಇದ್ದವು, ಎಲ್ಲವೂ ಸರಿಯಾಗಿಯೇ ಇದ್ದವು. ಒಂದಕ್ಕೊಂದು ಸೇರಿರಲಿಲ್ಲ, ಅಷ್ಟೇ. ಅಷ್ಟಕ್ಕೆ 5 ಗಂಟೆ ಹೋಯಿತು.

ಈಗ ಅದೇ ಊರಿನ ಹಾಲನ್ನು ನೋಡಿ. ನೀವು ಹಾಕಿದ ಹಾಲು ಯಾರ ಕೈಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ವ್ಯಾನ್ ಬರುತ್ತದೆ, ಯಾವ ಬಿಎಂಸಿಯಲ್ಲಿ ತಣ್ಣಗಾಗುತ್ತದೆ, ಟ್ಯಾಂಕರ್ ಯಾವಾಗ ಹೊರಡುತ್ತದೆ, ಎಲ್ಲದಕ್ಕೂ ಲೆಕ್ಕ ಇದೆ. ಒಂದು ಹಸುವಿನ ಹಾಲು, ಹತ್ತು ಹಸುವಿನ ಹಾಲು ಎಲ್ಲವೂ ಒಂದೇ ಟ್ಯಾಂಕಿಗೆ ಸೇರುತ್ತದೆ. ಚಾಲಕ ರಜೆ ಹಾಕಿದರೆ ಬದಲಿ ಚಾಲಕ ಬರುತ್ತಾನೆ. ನೀವು ಯಾರಿಗೂ ಫೋನ್ ಮಾಡಿ ಬೇಡಿಕೊಳ್ಳುವುದಿಲ್ಲ. ಅರ್ಧ ಗಂಟೆ ವ್ಯಾನ್ ತಡವಾದರೆ ಒಕ್ಕೂಟದವರೆಗೆ ಗೊತ್ತಾಗುತ್ತದೆ. ಇಷ್ಟು ಶಿಸ್ತನ್ನು ನಾವು ಹಾಲಿಗೆ ತಂದಿದ್ದೇವೆ. ಆ ಹಾಲು ಕೊಡುವ ಹಸು ಬಿದ್ದಿದೆ ಎನ್ನುವ ಸುದ್ದಿಗೆ ಮಾತ್ರ ರೂಟೂ ಇಲ್ಲ, ಟೈಮೂ ಇಲ್ಲ. ಅದು ಯಾರದೋ ಜೇಬಿನಿಂದ ಯಾರದೋ ಜೇಬಿಗೆ ಅಲೆದುಕೊಂಡು ಬರಬೇಕು.

ಸುದ್ದಿಗೂ ಹಾಲಿನ ಹಾಗೆಯೇ ಒಂದು ದಾರಿ ಮಾಡುವುದಕ್ಕೆ ದೊಡ್ಡ ಕಂಪನಿಗಳಲ್ಲಿ ದೊಡ್ಡ ಹೆಸರಿದೆ. ಕರೆ, ಸಂದೇಶ, ಫೋಟೋ, ವಿಡಿಯೋ, ದಾಖಲೆ ಎಲ್ಲವನ್ನೂ ಒಂದೇ ವ್ಯವಸ್ಥೆಗೆ ತರುವುದಕ್ಕೆ ‘ಯೂನಿಫೈಡ್ ಕಮ್ಯುನಿಕೇಶನ್ಸ್’ ಅನ್ನುತ್ತಾರೆ. ಅವೆಲ್ಲವೂ ಒಂದೇ ತಂತಿಯಲ್ಲಿ ಹರಿಯುವ ಜಾಲಕ್ಕೆ ‘ಕನ್ವರ್ಜ್ಡ್ ನೆಟ್‌ವರ್ಕ್’ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಎರಡನೆಯದನ್ನು ನೀವು ಆಗಲೇ ಬಳಸುತ್ತಿದ್ದೀರಿ. ಹಿಂದೆ 2ಜಿ ಕಾಲದಲ್ಲಿ ಮಾತಿಗೆ ಒಂದು ದಾರಿ, ಇಂಟರ್‌ನೆಟ್ಟಿಗೆ ಇನ್ನೊಂದು ದಾರಿ. ನೆಟ್ ನೋಡುತ್ತಿರುವಾಗ ಕರೆ ಬಂದರೆ ನೆಟ್ ನಿಂತುಬಿಡುತ್ತಿತ್ತು, ನೆನಪಿದೆಯೇ? 4ಜಿ ಬಂದಮೇಲೆ, ಅದರಲ್ಲೂ 2016ರಲ್ಲಿ ಜಿಯೋ ಶುರುವಾದಮೇಲೆ, ಮಾತೂ ಡೇಟಾದ ದಾರಿಯಲ್ಲೇ ಹೋಗತೊಡಗಿತು. ನಿಮ್ಮ ದನಿಯನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಕಳಿಸಿ ಆಚೆ ಕಡೆ ಬಿಚ್ಚಿ ಜೋಡಿಸುತ್ತಾರೆ. ಫೋಟೋವನ್ನೂ ಹಾಗೆಯೇ, ಡೇರಿಯ ಕಂಪ್ಯೂಟರಿನ ಫ್ಯಾಟು ಎಸ್‌ಎನ್‌ಎಫ್ ಲೆಕ್ಕವನ್ನೂ ಹಾಗೆಯೇ. ದಾರಿ ಒಂದಾಗಿ ಆಗಿದೆ. ಆ ದಾರಿಯಲ್ಲಿ ಓಡಾಡುವ ನಾವು ಒಂದಾಗಿಲ್ಲ.

ಇದು ನಮ್ಮ ಕೈಲಿ ಆಗುವ ಕೆಲಸವಲ್ಲ ಎನ್ನುವವರಿಗೆ 108 ತೋರಿಸುತ್ತೇನೆ. ಕರ್ನಾಟಕದಲ್ಲಿ ಆ ಆಂಬುಲೆನ್ಸ್ ಸೇವೆ 2008ರಲ್ಲಿ ಶುರುವಾಯಿತು. ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ನೀವು ಚಾಲಕನ ಹೆಸರು ಕೇಳುವುದಿಲ್ಲ, ಅವನ ಸ್ವಂತ ನಂಬರ್ ಹುಡುಕುವುದಿಲ್ಲ. ಮೂರು ಅಂಕಿ ಒತ್ತುತ್ತೀರಿ. ಯಾವ ವಾಹನ ಹತ್ತಿರ ಇದೆ, ಯಾರು ಡ್ಯೂಟಿಯಲ್ಲಿದ್ದಾರೆ ಎನ್ನುವ ತಲೆನೋವು ನಿಮ್ಮದಲ್ಲ. ಆ ನಂಬರ್ ಒಬ್ಬ ಮನುಷ್ಯನದಲ್ಲ, ಒಂದು ಕೆಲಸದ್ದು. ಮನುಷ್ಯ ವರ್ಗವಾದರೂ, ನಿವೃತ್ತನಾದರೂ, ಸಿಮ್ ಬದಲಿಸಿದರೂ ನಂಬರ್ ಅಲ್ಲೇ ಇರುತ್ತದೆ. ಹಸುಗಳಿಗೂ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎನ್ನುವ ಉಚಿತ ನಂಬರ್ ಇದೆ. ಅದನ್ನು ನಿಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಇವತ್ತೇ ಬರೆಯಿರಿ. ಆದರೆ ಒಕ್ಕೂಟದ ವೈದ್ಯರು, ಕೃತಕ ಗರ್ಭಧಾರಣೆ ಕಾರ್ಯಕರ್ತರು, ವಿಮೆ, ಪಶು ಆಹಾರ, ಬಟವಾಡೆಯ ದೂರು ಎಲ್ಲವೂ ಇವತ್ತಿಗೂ ಒಬ್ಬೊಬ್ಬರ ಜೇಬಿನಲ್ಲಿ ಚದುರಿ ಬಿದ್ದಿವೆ.

ಜೇಬಿನ ನಂಬರಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ವೈದ್ಯರಿಗೆ ಇದು ಹಿಡಿಸಲಿಕ್ಕಿಲ್ಲ. ನನ್ನ ಸ್ವಂತ ನಂಬರ್ ಯಾರ ಹತ್ತಿರ ಇದೆ? ಹತ್ತು ಹಸು ಕಟ್ಟಿದವರ ಹತ್ತಿರ ಇದೆ. ಸಂಘದ ನಿರ್ದೇಶಕರ ಮನೆಯಲ್ಲಿ ಇದೆ. ನನ್ನ ಜೊತೆ ಒಂದು ಸಲ ಸಲುಗೆಯಿಂದ ಮಾತಾಡಿದವರ ಹತ್ತಿರ ಇದೆ. ಒಂದೇ ಹಸು ಇರುವ, ಗಂಡ ಇಲ್ಲದ, ‘ಡಾಕ್ಟ್ರು ಏನಂದ್ಕೋತಾರೋ’ ಎಂದು ಸಂಕೋಚಪಡುವ ಅಕ್ಕನ ಹತ್ತಿರ ಇಲ್ಲ. ನಾನು ಯಾರಿಗೂ ಭೇದ ಮಾಡುವುದಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಒಂದು ತಿಂಗಳ ಕರೆಗಳನ್ನು ಕೂತು ನೋಡಿದಾಗ ಗೊತ್ತಾಯಿತು: ನಾನು ಭೇದ ಮಾಡದಿದ್ದರೂ ನನ್ನ ಫೋನು ಮಾಡುತ್ತಿತ್ತು. ಒಂದೇ ನಂಬರಿಗೆ ಬಂದ ಕರೆ ಸರತಿಯಲ್ಲಿ ನಿಲ್ಲುತ್ತದೆ. ಹಾಲಿನ ಸರತಿಯ ಹಾಗೆ, ಅಲ್ಲಿ ಮೊದಲು ಬಂದವರದು ಮೊದಲು, ಹಸು ಬಿದ್ದವರದು ಎಲ್ಲರಿಗಿಂತ ಮೊದಲು.

ಇನ್ನು ದುಡ್ಡಿನ ಮಾತು. ಹಸು ಸಾಯುವುದು ಕಣ್ಣಿಗೆ ಕಾಣುವ ನಷ್ಟ. ಕಾಣದೇ ಸೋರಿಹೋಗುವ ನಷ್ಟ ಅದಕ್ಕಿಂತ ದೊಡ್ಡದು. ಅದು ಬೆದೆಯಲ್ಲಿದೆ.

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಒಂದು ದಿನವೂ ಅಲ್ಲ, ಹೆಚ್ಚಿನ ಹಸುಗಳಲ್ಲಿ 12ರಿಂದ 18 ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಅವತ್ತು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂದು ನಾವು ಪ್ರತಿ ತರಬೇತಿಯಲ್ಲೂ ಹೇಳುತ್ತೇವೆ. ನೀವು ಅದನ್ನು ಚಾಚೂ ತಪ್ಪದೆ ನೋಡುತ್ತೀರಿ. ಲೋಳೆ ಕಂಡಿತು, ಪಕ್ಕದ ಹಸುವಿನ ಮೇಲೆ ಹತ್ತಿತು, ಹಾಲು ಇಳಿಯಿತು. ಕಾರ್ಯಕರ್ತನಿಗೆ ಕರೆ ಮಾಡುತ್ತೀರಿ. ಅವನು ಇನ್ನೊಂದು ಊರಿನಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡು ನಿಂತಿದ್ದಾನೆ, ಫೋನು ಬೈಕಿನ ಪೆಟ್ಟಿಗೆಯಲ್ಲಿ ಬಡಿದುಕೊಳ್ಳುತ್ತಿದೆ. ನೀವು ಮೂರು ಸಲ ಮಾಡಿ ಸುಮ್ಮನಾಗುತ್ತೀರಿ. ಅವನು ಮಿಸ್ಡ್ ಕಾಲ್ ನೋಡಿ ಮರುದಿನ ಮಧ್ಯಾಹ್ನ ಬರುತ್ತಾನೆ. ಬಂದವನು ಬರಿಗೈಲಿ ಹೋಗಬಾರದೆಂದು ಒಂದು ಕಡ್ಡಿ ಹಾಕಿ ಹೋಗುತ್ತಾನೆ. ಅದು ನಿಲ್ಲುವುದಿಲ್ಲ.

ಲೆಕ್ಕ ಹಾಕೋಣ. ಗಬ್ಬ ಇಲ್ಲದ ಹಸುವಿಗೆ ಮೇವು, ಹಿಂಡಿ, ಬೂಸಾ ಎಂದು ದಿನಕ್ಕೆ 150 ರೂಪಾಯಿ ಖರ್ಚು ಇಟ್ಟುಕೊಳ್ಳಿ. ನಿಮ್ಮ ಮನೆಯ ಖರ್ಚು ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಒಂದು ಬೆದೆ ತಪ್ಪಿದರೆ 21 ದಿನ, 3,150 ರೂಪಾಯಿ. ಮೂರು ಬೆದೆ ತಪ್ಪಿದರೆ 63 ದಿನ, 9,450 ರೂಪಾಯಿ. ಮುಂದಿನ ಕರು ಎರಡು ತಿಂಗಳು ತಡವಾಗಿ ಬರುವ ನಷ್ಟ ಇದರಲ್ಲಿ ಸೇರಿಲ್ಲ. ಈ ದುಡ್ಡು ಯಾವ ಚೀಟಿಯಲ್ಲೂ ಬರುವುದಿಲ್ಲ, ಬಟವಾಡೆಯಲ್ಲಿ ಕಡಿತವಾಗುವುದಿಲ್ಲ. ಅದಕ್ಕೇ ಯಾರೂ ಜಗಳಕ್ಕೆ ಬರುವುದಿಲ್ಲ. ಫ್ಯಾಟು ಒಂದು ಪಾಯಿಂಟ್ ಕಡಿಮೆ ಬಂದರೆ ಡೇರಿಯಲ್ಲಿ ಗಲಾಟೆ ಆಗುತ್ತದೆ, ಆಗಲೇಬೇಕು. ಬೆದೆ ತಪ್ಪಿದ ದಿನ ಎಲ್ಲರೂ ‘ಮುಂದಿನ ಸಲ ನೋಡೋಣ ಬಿಡು’ ಅನ್ನುತ್ತೇವೆ.

ಕರೆ ಒಂದೇ ನಂಬರಿಗೆ ಬಂದು, ಮೊದಲನೆಯ ಕಾರ್ಯಕರ್ತ ಎತ್ತದಿದ್ದರೆ ತಾನೇ ಪಕ್ಕದ ಊರಿನವನಿಗೆ ಹೋಗುವ ಹಾಗಿದ್ದರೆ? ಅವನು ಬಂದು ಗರ್ಭಧಾರಣೆ ಮಾಡಿದ್ದನ್ನು ಅಲ್ಲೇ ಫೋನಿನಲ್ಲಿ ದಾಖಲಿಸಿ, ಅದು ನನಗೂ ಸಂಘಕ್ಕೂ ಕಾಣುವ ಹಾಗಿದ್ದರೆ? 18ನೇ ದಿನಕ್ಕೆ ‘ಅಕ್ಕ, ಹಸು ಮತ್ತೆ ಬೆದೆಗೆ ಬರುತ್ತದೆಯೇ ಗಮನಿಸಿ’ ಎಂದು ನಿಮ್ಮ ಫೋನು ಕನ್ನಡದಲ್ಲಿ ಮಾತಾಡಿದರೆ? ಎರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆಯ ಪಟ್ಟಿ ನನ್ನ ಕೈಗೆ ತಾನಾಗಿ ಬಂದರೆ? ಗಬ್ಬ ಎಂದುಕೊಂಡು ಐದಾರು ತಿಂಗಳು ಸಾಕಿ, ಕೊನೆಗೆ ಕೈ ಹಾಕಿ ನೋಡಿದಾಗ ಖಾಲಿ ಎಂದು ಹೇಳುವ ದಿನ ನನ್ನ ಮಟ್ಟಿಗೆ ಹಸು ಸತ್ತ ದಿನಕ್ಕಿಂತ ಕಡಿಮೆಯದಲ್ಲ. ಏಕೆಂದರೆ ಹಾಗೆ ಹೇಳುವ ದಿನಗಳೇ ಹೆಚ್ಚು.

ಇದಕ್ಕೆ ಬೇಕಾದ ಹೊಲಿಗೆಯ ದಾರ ನಿಮ್ಮ ಹಸುವಿನ ಕಿವಿಯಲ್ಲೇ ಇದೆ. ಹಳದಿ ಓಲೆಯ 12 ಅಂಕಿ. ಲಸಿಕೆ, ಗರ್ಭಧಾರಣೆ, ಚಿಕಿತ್ಸೆ ಎಲ್ಲವನ್ನೂ ಆ ಅಂಕಿಯ ಮೇಲೆ ದಾಖಲಿಸಲು ಮೊದಲು ಇನಾಫ್ ಇತ್ತು, ಈಗ ಭಾರತ್ ಪಶುಧನ್ ಇದೆ. ಒಳ್ಳೆಯದೇ. ಆದರೆ ಗರ್ಭಧಾರಣೆಯ ಪುಸ್ತಕ ಬೇರೆ, ಸಂಘದ ರಿಜಿಸ್ಟರ್ ಬೇರೆ, ವಿಮೆಯ ಅರ್ಜಿ ಬೇರೆ, ನನ್ನ ಚಿಕಿತ್ಸಾ ವರದಿ ಬೇರೆ. ಹಸು ಒಂದೇ, ಓಲೆ ಒಂದೇ. ಆ 12 ಅಂಕಿಯನ್ನು ನಾನು ವಾರದಲ್ಲಿ ಎಷ್ಟು ಸಲ ಬೇರೆ ಬೇರೆ ಕಡೆ ಬರೆಯುತ್ತೇನೋ ಲೆಕ್ಕವಿಲ್ಲ. ಸಗಣಿ ಮೆತ್ತಿದ ಓಲೆ ಒರೆಸಿ, ಟಾರ್ಚ್ ಬಿಟ್ಟು ಓದಿ, ಒಂದು ಅಂಕಿ ತಪ್ಪಾದರೆ ನಿಮ್ಮ ಹಸುವಿನ ಲಸಿಕೆ ಬೇರೆ ಯಾರದೋ ಎಮ್ಮೆಗೆ ಜಮೆ. ಆದ್ದರಿಂದ ಒಕ್ಕೂಟ ಇನ್ನೊಂದು ಹೊಸ ಆ್ಯಪ್ ತರುತ್ತದೆ ಎಂದರೆ ಮೊದಲು ಬೇಡ ಅನ್ನುವವಳು ನಾನು. ಇರುವುದನ್ನು ಒಂದಕ್ಕೊಂದು ಸೇರಿಸಿ ಎನ್ನುವುದು ನನ್ನ ವಾದ.

ಸುದ್ದಿ ತಡವಾದರೆ ಒಂದು ಕೊಟ್ಟಿಗೆಗಷ್ಟೇ ನಷ್ಟವಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನೋಡಿದಿರಿ. ಮೊದಲ ಗಂಟು ಕಂಡ ಹಸುವಿನ ವಿಷಯ ನಮಗೆ ತಲುಪುವಷ್ಟರಲ್ಲಿ ನೊಣ, ಸೊಳ್ಳೆ, ಉಣ್ಣೆ ತಮ್ಮ ಕೆಲಸ ಮುಗಿಸಿ ಮುಂದಿನ ಬೀದಿಗೆ ಹೋಗಿದ್ದವು. ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆ ಎನ್ನುವ ಸುಳ್ಳು ಮಾತ್ರ ಎಲ್ಲರ ಫೋನಿಗೂ ಒಂದೇ ದಿನದಲ್ಲಿ ಬಂದಿತ್ತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ ಎಂದು ಮನೆಮನೆಗೆ ಹೇಳಿಕೊಂಡು ತಿರುಗಿದೆವು. ಯಾವ ಊರಿನಲ್ಲಿ ಮೇಕೆ ಸಿಡುಬಿನ ಲಸಿಕೆ ಇವತ್ತು ಹಾಕುತ್ತಾರೆ ಎನ್ನುವ ನಿಜ ಸುದ್ದಿ ಡೇರಿಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಇತ್ತು. ಅವತ್ತು ಹಾಲು ಹಾಕಲು ಮಗನನ್ನು ಕಳಿಸಿದವರಿಗೆ ಅದು ಗೊತ್ತೇ ಆಗಲಿಲ್ಲ.

ಇಲ್ಲಿಗೆ ನಿಮ್ಮ ಹತ್ತಿರ ಬರುತ್ತೇನೆ. ಮುಖ್ಯವಾದ ಮಾತು ಇದೇ, ಸ್ವಲ್ಪ ಮುನಿಸು ತರಿಸಬಹುದು. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ. ಬ್ಯಾಂಕ್ ಖಾತೆ ನಿಮ್ಮದು. ಹಸುವಿನ ಓಲೆ ನೋಂದಾಯಿಸುವಾಗ ಕೊಟ್ಟ ಫೋನ್ ನಂಬರ್ ಯಾರದು? ನಾನು ನೋಡಿದ ಮಹಿಳಾ ಸಂಘಗಳ ಪುಸ್ತಕದಲ್ಲಿ ಪುಟದ ಮೇಲೆ ಪುಟ ಗಂಡನದು, ಮಗನದು, ಕೆಲವು ಕಡೆ ಅಳಿಯನದು. ಒಬ್ಬ ಅಕ್ಕನ ಹಸುವಿನ ಸಂದೇಶಗಳೆಲ್ಲ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿರುವ ಮಗನಿಗೆ ಹೋಗುತ್ತಿದ್ದವು. ಅವನು ಪಾಪ, ಕಾಲುಬಾಯಿ ಜ್ವರದ ಲಸಿಕೆಯ ಸಂದೇಶ ಬಂದಾಗಲೆಲ್ಲ ಅಳಿಸುತ್ತಿದ್ದನಂತೆ, ಯಾವುದೋ ಜಾಹೀರಾತು ಎಂದುಕೊಂಡು.

ಹಸು ಮುಖ ಬಾಡಿಸಿದ್ದನ್ನು ಮೊದಲು ನೋಡುವವರು ನೀವು. ಕೆಚ್ಚಲು ಗಟ್ಟಿಯಾದದ್ದು ನಿಮ್ಮ ಬೆರಳಿಗೆ ಮೊದಲು ಗೊತ್ತಾಗುತ್ತದೆ. ಒಕ್ಕೂಟ ಎಷ್ಟೇ ದೊಡ್ಡ ಜಾಲ ಕಟ್ಟಿದರೂ ಅದರ ಕೊನೆಯ ತಂತಿ ಹಾಲು ಕರೆಯುವ ಕೈಗೆ ಮುಟ್ಟದಿದ್ದರೆ ಅದು ಅರ್ಧ ಜಾಲ. ದೊಡ್ಡ ಫೋನ್ ಬೇಕಿಲ್ಲ. ಬಟನ್ ಫೋನ್ ಸಾಕು, ಆದರೆ ಅದು ನಿಮ್ಮದಾಗಿರಬೇಕು, ಕೊಟ್ಟಿಗೆಗೆ ಹೋಗುವಾಗ ನಿಮ್ಮ ಸೆರಗಿನಲ್ಲಿರಬೇಕು. ಹೆಂಗಸರಿಗೇಕೆ ಬೇರೆ ಫೋನು ಎಂದು ಮನೆಯಲ್ಲಿ ಕೇಳಿದರೆ ಮೇಲಿನ 3,150 ರೂಪಾಯಿಯ ಲೆಕ್ಕ ತೋರಿಸಿ.

ಓದು ಬರಹ ಬಾರದು ಎನ್ನುವ ಅಕ್ಕಂದಿರಿಗೆ ಹೇಳುತ್ತೇನೆ: ನಿಮ್ಮ ದನಿ ನನಗೆ ಬರಹಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕರೆ ಮಾಡಿದಾಗ ‘ಹಸು ಸರಿಯಿಲ್ಲ, ಬೇಗ ಬನ್ನಿ’ ಎಂದಷ್ಟೇ ಹೇಳಿ ಇಡಬೇಡಿ. ಯಾವ ಊರು, ಕರು ಹಾಕಿ ಎಷ್ಟು ದಿನ, ಮೇವು ತಿನ್ನುತ್ತಿದೆಯೇ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಕಿವಿ ಬಿಸಿಯೋ ತಣ್ಣಗೋ, ನಿಂತಿದೆಯೋ ಕೂತಿದೆಯೋ ಹೇಳಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಮಗಳ ಕೈಲಿ ಅರ್ಧ ನಿಮಿಷದ ವಿಡಿಯೋ ಮಾಡಿಸಿ. ಹಸು ಉಸಿರಾಡುವುದು, ಎದ್ದು ನಿಲ್ಲಲು ಹೆಣಗುವುದು ಕಂಡರೆ ನಾನು ಯಾವ ಔಷಧ ಹಿಡಿದು ಹೊರಡಬೇಕು ಎಂದು ದಾರಿಯಲ್ಲೇ ಗೊತ್ತಾಗುತ್ತದೆ. ಆದರೆ ಹಸು ಬಿದ್ದಾಗ, ಎಡ ಹೊಟ್ಟೆ ಉಬ್ಬಿದಾಗ, ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಾಗ ಸಂದೇಶ ಹಾಕಿ ಕೂರಬೇಡಿ, ಕರೆಯೇ ಮಾಡಿ. ಸಂದೇಶ ನೋಡುವವರು ನಿದ್ದೆ ಮಾಡುತ್ತಿರಬಹುದು. ನಾನು ಅವತ್ತು ಗುಂಪಿನ ಸದ್ದು ಬಂದ್ ಮಾಡಿದ್ದೆನಲ್ಲ.

ಇದಕ್ಕೆ ದುಡ್ಡೆಲ್ಲಿ ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಕೇಳಬೇಕಾದದ್ದೇ, ಅದು ನಿಮ್ಮ ದುಡ್ಡು. ಆದರೆ ಈಗಲೂ ಖರ್ಚಾಗುತ್ತಿದೆ, ಚೂರು ಚೂರಾಗಿ. ಡೇರಿಯ ಹಾಲು ಸಂಗ್ರಹದ ಯಂತ್ರಕ್ಕೆ ಒಂದು ಸಿಮ್, ಬಿಎಂಸಿಗೆ ಒಂದು, ಕ್ಯಾಮೆರಾಕ್ಕೆ ಒಂದು, ಕಾರ್ಯದರ್ಶಿಯ ಸ್ವಂತ ರೀಚಾರ್ಜ್ ಬೇರೆ. ಎಲ್ಲವೂ ಒಂದೇ ಕೋಣೆಯಲ್ಲಿ, ಒಂದರ ಮುಖ ಇನ್ನೊಂದು ನೋಡಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್. ಎಷ್ಟೋ ಊರುಗಳಲ್ಲಿ ಪಂಚಾಯಿತಿ ಕಚೇರಿಗೂ ಡೇರಿಗೂ ನಡುವೆ ಒಂದು ಅರಳಿಕಟ್ಟೆ ಮಾತ್ರ. ಕೆಲವು ಪಂಚಾಯಿತಿಯಲ್ಲಿ ಆ ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತದೆ, ಕೆಲವು ಕಡೆ ಜೇಡ ಬಲೆ ಕಟ್ಟಿದೆ. ದೀಪ ಮಿನುಗುವ ಕಡೆ ಸಂಪರ್ಕ ಕೇಳಿ ಪಡೆದು ಡೇರಿಯ ಎಲ್ಲ ಯಂತ್ರವನ್ನೂ ಅದಕ್ಕೇ ಜೋಡಿಸಬಹುದು. ಉಳಿತಾಯ ಬಹಳ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಿಜವಾದ ಲಾಭ ಗಂಟೆಗಳಲ್ಲಿದೆ: 5 ಗಂಟೆ 1 ಗಂಟೆಯಾಗುವುದರಲ್ಲಿ.

ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಎಲ್ಲವೂ ಒಂದೇ ದಾರಿಯಲ್ಲಿ ಹೋದರೆ ಆ ದಾರಿ ಮುಚ್ಚಿದ ದಿನ ಎಲ್ಲವೂ ನಿಲ್ಲುತ್ತದೆ. ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕಿತ್ತುಹಾಕುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಆದ್ದರಿಂದ ಬೇರೆ ಕಂಪನಿಯ ಒಂದು ಸಿಮ್ ಬದಲಿಗೆ ಇರಲಿ, ಬ್ಯಾಟರಿ ಇರಲಿ, ಕಾರ್ಯಕರ್ತನ ಕಾಗದದ ಪುಸ್ತಕವೂ ಇರಲಿ. ಇನ್ನೊಂದು, ಎಲ್ಲ ವ್ಯವಹಾರ ಫೋನಿಗೆ ಬಂದಷ್ಟೂ ಕಳ್ಳರೂ ಫೋನಿಗೇ ಬರುತ್ತಾರೆ. ‘ಒಕ್ಕೂಟದಿಂದ ಮಾತಾಡ್ತಿದೀವಿ, ಪ್ರೋತ್ಸಾಹಧನ ಬಂದಿದೆ, ಒಟಿಪಿ ಹೇಳಿ’ ಎಂದು ಯಾರು ಕೇಳಿದರೂ ಹೇಳಬೇಡಿ. ಅಂಥ ಕರೆಗಳ ನಡುವೆ ನಮ್ಮದೇ ಕರೆ ಯಾವುದು ಎಂದು ಗುರುತಿಸಲಿಕ್ಕಾದರೂ ಒಕ್ಕೂಟಕ್ಕೆ ಒಂದೇ, ಎಲ್ಲರಿಗೂ ಬಾಯಿಪಾಠವಾದ ನಂಬರ್ ಬೇಕು.

ಸೆಪ್ಟೆಂಬರಿನಲ್ಲಿ ನಿಮ್ಮ ಸಂಘದ ವಾರ್ಷಿಕ ಮಹಾಸಭೆ ಬರುತ್ತದೆ. ಊಟ, ಫೋಟೋ, ಬೋನಸ್ ಎಲ್ಲ ಇರುತ್ತದೆ. ಇತರೆ ವಿಷಯ ಎಂದು ಬಂದಾಗ ಒಬ್ಬರಾದರೂ ಎದ್ದು ನಿಲ್ಲಿ. ತಾಲ್ಲೂಕಿಗೆ ಒಂದು ನಂಬರ್ ಕೊಡಿ ಎಂದು ಕೇಳಿ. ರಾತ್ರಿ ಆ ನಂಬರ್ ಎತ್ತುವವರು ಯಾರು ಎಂದು ಕೇಳಿ, ಎತ್ತದಿದ್ದರೆ ಕರೆ ಯಾರಿಗೆ ಹೋಗುತ್ತದೆ ಎಂದೂ ಕೇಳಿ. ಆ ಪಾಳಿಯಲ್ಲಿ ನನ್ನ ಹೆಸರೂ ಇರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಸದಸ್ಯರ ಪುಸ್ತಕದಲ್ಲಿ ನಿಮ್ಮ ಸ್ವಂತ ನಂಬರ್ ಬರೆಸಿ ಅಲ್ಲೇ ಸಹಿ ಹಾಕಿ ಬನ್ನಿ.

ಅಲ್ಲಿಯವರೆಗೆ, ನಾಳೆ ಗೋಡೆಯ ಮೇಲಿನ ನಂಬರ್ ಎಣಿಸಿದ ಮೇಲೆ ಒಂದೊಂದಕ್ಕೂ ಕರೆ ಮಾಡಿ ನೋಡಿ, ಸತ್ತಿರುವುದನ್ನು ಇದ್ದಿಲಿನಲ್ಲಿ ಹೊಡೆದುಹಾಕಿ. ವರ್ಗವಾದ ವೈದ್ಯರ ನಂಬರ್ ಸಿಕ್ಕರೆ ಅವರಿಗೆ ಒಂದು ನಮಸ್ಕಾರ ಹೇಳಿ ಆಮೇಲೆ ಅಳಿಸಿ.